ಚೀಲ ಕಾಯಲು ಕೂತ ಅಜ್ಜಿ

ಬೇಸಿಗೆ ರಜೆಯ ಶನಿವಾರ ಬೆಳಿಗ್ಗೆ ಬಿಡದಿಯ ಕಡೆ ಹೊರಟ ಕಾರು, ಟೆಂಪೊ ಟ್ರಾವೆಲರ್‌ಗಳಲ್ಲಿ ಬರೀ ಮಕ್ಕಳಿರುವುದಿಲ್ಲ. ಅಜ್ಜಿ, ತಾತ, ಸೋದರತ್ತೆ, ಊರಿಂದ ರಜೆಗೆ ಬಂದ ಅಣ್ಣನ ಮಕ್ಕಳು, ಹೀಗೆ ಇಡೀ ಮನೆಯೇ ಹೊರಟಿರುತ್ತದೆ. 2005ರಲ್ಲಿ ಮೈಸೂರು ರಸ್ತೆಯ ಮಗ್ಗುಲಲ್ಲಿ, ಸುಮಾರು 82 ಎಕರೆ ಜಾಗದಲ್ಲಿ ವಂಡರ್‌ಲಾ ಬಾಗಿಲು ತೆರೆದ ಮೇಲೆ ಈ ಸೀಮೆಯ ಮಧ್ಯಮ ವರ್ಗದ ಕುಟುಂಬಗಳಿಗೆ ಥೀಮ್ ಪಾರ್ಕ್ ಎಂಬುದು ವರ್ಷಕ್ಕೊಮ್ಮೆ ಬರುವ ಜಾತ್ರೆಯಂತೆ ಆಗಿಬಿಟ್ಟಿದೆ. ಆದರೆ ಜಾತ್ರೆಯಲ್ಲಿ ಮನೆಮಂದಿ ಗುಂಪಾಗಿಯೇ ಅಲೆಯುತ್ತಾರೆ. ಮೊಮ್ಮಗನ ಕೈಹಿಡಿದ ಅಜ್ಜಿ ಬಳೆ ಅಂಗಡಿಗೂ ಹೋಗುತ್ತಾಳೆ, ತಿರುಗುವ ತೊಟ್ಟಿಲಿನಲ್ಲೂ ಕಣ್ಣು ಮುಚ್ಚಿ ಕೂರುತ್ತಾಳೆ. ಇಂದಿನ ಯಾವ ದೊಡ್ಡ ಪಾರ್ಕಿಗೆ ಹೋದರೂ ಗೇಟು ದಾಟಿದ ಅರ್ಧ ಗಂಟೆಯೊಳಗೆ ಕುಟುಂಬ ಮೂರು ಪಾಲಾಗುತ್ತದೆ. ಕಾಲೇಜಿನ ವಯಸ್ಸಿನವರು ರೋಲರ್ ಕೋಸ್ಟರ್ ಸಾಲಿಗೆ ಓಡುತ್ತಾರೆ. ಪುಟ್ಟ ಮಕ್ಕಳ ಹಿಂದೆ ಅಪ್ಪನೋ ಅಮ್ಮನೋ ಹೋಗಬೇಕು. ಉಳಿದ ಹಿರಿಯರು ನೆರಳು ಹುಡುಕಿ ಬೆಂಚಿನ ಮೇಲೆ ಕೂರುತ್ತಾರೆ, ಅವರ ಸುತ್ತ ಎಲ್ಲರ ಚೀಲ, ಚಪ್ಪಲಿ, ನೀರಿನ ಬಾಟಲಿ, ಮೊಬೈಲು ಬಂದು ಬೀಳುತ್ತವೆ. ಸಂಜೆಯವರೆಗೂ ಅವರಿಗೆ ಅದೇ ಕಾವಲು. ವಯಸ್ಸಾದವರ ಪಾಲಿಗೆ ಇದು ಸಹಜ ಎಂದು ನಾವೆಲ್ಲ ಒಪ್ಪಿಕೊಂಡಿದ್ದೇವೆ. ನನಗೆ ಅದು ಒಪ್ಪಿಗೆಯಿಲ್ಲ. ಅಜ್ಜಿಯನ್ನು ಬೆಂಚಿಗೆ ಕಳಿಸಿದ್ದು ಪಾರ್ಕಿನ ನಕ್ಷೆ ಬರೆದವರು. ಬೇರೆ ನಕ್ಷೆ ಬರೆದರೆ ಅವಳು ಎದ್ದು ಬರುತ್ತಾಳೆ.

ಥೀಮ್ ಪಾರ್ಕಿನ ಕಲ್ಪನೆ ಚಿಗುರಿದ್ದೇ ಇಂಥದೊಂದು ಬೆಂಚಿನ ಮೇಲೆ ಎಂಬುದನ್ನು ಇಲ್ಲಿ ನೆನೆಯಬೇಕು. ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಮೆರ್ರಿ-ಗೋ-ರೌಂಡಿನ ಕುದುರೆಯೇರಿ ಸುತ್ತುತ್ತಿದ್ದರೆ ವಾಲ್ಟ್ ಡಿಸ್ನಿ ಪಕ್ಕದ ಬೆಂಚಿನಲ್ಲಿ ಕಡಲೆಕಾಯಿ ತಿನ್ನುತ್ತ ಕೂತಿರುತ್ತಿದ್ದರು. ಹೆತ್ತವರೂ ಮಕ್ಕಳೂ ಜೊತೆಯಾಗಿ ನಲಿಯುವ ಜಾಗವೊಂದು ಬೇಕು ಎಂಬ ಯೋಚನೆ ಅಲ್ಲಿಯೇ ಬಂತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ, ಕಿತ್ತಳೆ ತೋಟಗಳಿದ್ದ ಸುಮಾರು 160 ಎಕರೆ ನೆಲದಲ್ಲಿ, 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡ್ ಆ ಯೋಚನೆಯ ಫಲ. ಮೊದಲ ವರ್ಷದ ಆಟಗಳನ್ನು ನೋಡಿದರೆ ಉದ್ದೇಶ ಸ್ಪಷ್ಟವಾಗುತ್ತದೆ: ಪಾರ್ಕನ್ನು ಸುತ್ತುವ ಉಗಿಬಂಡಿ, ಮಾರ್ಕ್ ಟ್ವೇನ್ ಹೆಸರಿನ ಚಕ್ರದ ದೋಣಿ, ಕಾಡಿನ ನದಿಯಲ್ಲಿ ಹೋದಂತೆ ಭಾಸವಾಗುವ ಜಂಗಲ್ ಕ್ರೂಸ್, ಮರದ ಕುದುರೆಗಳು, ಗಿರಗಿರ ತಿರುಗುವ ಟೀ ಕಪ್ಪುಗಳು. ಮೂರು ವರ್ಷದ ಮಗುವೂ ಎಪ್ಪತ್ತರ ಅಜ್ಜಿಯೂ ಒಂದೇ ಸೀಟಿನಲ್ಲಿ ಕೂರಬಹುದಾದ ಆಟಗಳೇ ಹೆಚ್ಚು. ಒಂದೇ ಒಂದು ರೋಲರ್ ಕೋಸ್ಟರ್ ಇರಲಿಲ್ಲ.

ಅದು ಬಂದದ್ದು 1959ರಲ್ಲಿ, ಮ್ಯಾಟರ್‌ಹಾರ್ನ್ ಎಂಬ ಕೃತಕ ಹಿಮಪರ್ವತದ ಒಳಗೆ. ಅಲ್ಲಿಯವರೆಗೆ ರೋಲರ್ ಕೋಸ್ಟರ್ ಎಂದರೆ ಹೆಚ್ಚಾಗಿ ಮರದ ಅಟ್ಟಣಿಗೆಯ ಮೇಲೆ ಹಾಸಿದ ಹಳಿ. ಮ್ಯಾಟರ್‌ಹಾರ್ನ್‌ನಲ್ಲಿ ಮೊದಲ ಬಾರಿಗೆ ಉಕ್ಕಿನ ಕೊಳವೆಗಳನ್ನು ಬಾಗಿಸಿ ಹಳಿ ಮಾಡಿದರು. ಕೊಳವೆಯನ್ನು ಹೇಗೆ ಬೇಕಾದರೂ ಬಗ್ಗಿಸಬಹುದು. ಇಕ್ಕಟ್ಟಾದ ತಿರುವು, ಸುರುಳಿ, ತಲೆಕೆಳಗಾಗಿಸುವ ಓಟ ಎಲ್ಲಕ್ಕೂ ಅಲ್ಲಿಂದ ದಾರಿಯಾಯಿತು. 1975ರಲ್ಲಿ ಅದೇ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರ‍್ರಿ ಫಾರ್ಮ್ ಪಾರ್ಕಿನ ಕಾರ್ಕ್‌ಸ್ಕ್ರೂ ಕೋಸ್ಟರ್ ಜನರನ್ನು ತಲೆಕೆಳಗು ಮಾಡಿ ಓಡಿಸಿತು. ದೇಹವನ್ನು ಹೀಗೆ ಎಸೆದಾಡುವ ಆಟಕ್ಕೆ ತೊಡೆಯನ್ನೋ ಭುಜವನ್ನೋ ಬಿಗಿಯಾಗಿ ಹಿಡಿಯುವ ಕಂಬಿ ಬೇಕು. ಆ ಕಂಬಿ ಒಂದು ಅಳತೆಯ ಮೈಗೆ ಮಾತ್ರ ಸರಿಹೊಂದುತ್ತದೆ. ಹಾಗಾಗಿ ಸಾಲಿನ ಬಾಯಲ್ಲಿ ಅಳತೆಗೋಲು ನಿಂತಿತು. ಅನಾಹೈಮ್‌ನ ಸ್ಪೇಸ್ ಮೌಂಟನ್‌ಗೆ 102 ಸೆಂಟಿಮೀಟರ್ ಎತ್ತರ ಬೇಕು, ಅದರ ಪಕ್ಕದ ಪಾರ್ಕಿನ ಇನ್‌ಕ್ರೆಡಿಕೋಸ್ಟರ್‌ಗೆ 122. ಅಳತೆಗೋಲಿನ ಕೆಳಗೆ ಇನ್ನೊಂದು ಫಲಕ: ಹೃದಯದ ತೊಂದರೆ, ರಕ್ತದೊತ್ತಡ, ಬೆನ್ನುನೋವು ಇದ್ದವರು, ಗರ್ಭಿಣಿಯರು ಹತ್ತಬಾರದು. ಈ ನಿಯಮಗಳು ಸರಿಯಾಗಿಯೇ ಇವೆ, ಒಂದು ಸೆಂಟಿಮೀಟರಿನಷ್ಟೂ ಸಡಿಲಿಸಬಾರದು. ನನ್ನ ತಕರಾರು ಇರುವುದು ಮುಂದಿನ ಹೆಜ್ಜೆಯ ಬಗ್ಗೆ. ಈ ಬಗೆಯ ಆಟವೇ ಪಾರ್ಕಿನ ಹೆಮ್ಮೆಯಾಗಿ, ಜಾಹೀರಾತಿನ ಮುಖವಾಗಿ, ಹೊಸ ಬಂಡವಾಳವೆಲ್ಲ ಅದಕ್ಕೇ ಹರಿಯತೊಡಗಿದರೆ ತುಂಬ ಚಿಕ್ಕವರನ್ನೂ ತುಂಬ ದೊಡ್ಡವರನ್ನೂ ಹೊರಗಿಡುವ ಜಾಗಗಳೇ ಹೆಚ್ಚುತ್ತ ಹೋಗುತ್ತವೆ.

ಬೇರೆ ದಾರಿ ಇರಲಿಲ್ಲವೇ ಎಂದರೆ, ಇತ್ತು, ಅದೂ ಡಿಸ್ನಿ ಕಂಪನಿಯ ಕೈಯಲ್ಲೇ. 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಯುನಿಸೆಫ್‌ಗಾಗಿ ಕಟ್ಟಿದ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ 1966ರಲ್ಲಿ ಅನಾಹೈಮ್‌ಗೆ ಬಂತು. ನಿಧಾನವಾಗಿ ತೇಲುವ ದೋಣಿ, ಎರಡೂ ದಡದಲ್ಲಿ ಹಾಡುವ ನಾನಾ ದೇಶಗಳ ಗೊಂಬೆಗಳು, ಎತ್ತರದ ಮಿತಿಯಿಲ್ಲ. ದಸರೆಯಲ್ಲಿ ಗೊಂಬೆ ಕೂರಿಸುವ ಮನೆಯಿಂದ ಬಂದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋದ ಕನ್ನಡದ ತಾಯಂದಿರು ಮೊಮ್ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡೇ ಆ ದೋಣಿ ಹತ್ತಬಹುದು. 1969ರ ಹಾಂಟೆಡ್ ಮ್ಯಾನ್ಶನ್ ಎಂಬ ಭೂತಬಂಗಲೆ ಇನ್ನೂ ಒಂದು ಹೆಜ್ಜೆ ಮುಂದಿನದು. ಅದರ ಗಾಡಿಗಳು ಸರಪಳಿಯಂತೆ ಒಂದಕ್ಕೊಂದು ಕೂಡಿಕೊಂಡು ಬಿಡುವಿಲ್ಲದೆ ಸಾಗುತ್ತವೆ, ಹತ್ತುವವರ ಕಾಲ ಕೆಳಗಿನ ಪಟ್ಟಿಯೂ ಅದೇ ವೇಗದಲ್ಲಿ ಚಲಿಸುತ್ತದೆ. ಕೋಲೂರಿ ನಡೆಯುವವರು ಬಂದರೆ ಅದರ ವೇಗ ತಗ್ಗಿಸಿ, ಬೇಕಾದರೆ ನಿಲ್ಲಿಸಿ ಹತ್ತಿಸಿಕೊಳ್ಳುತ್ತಾರೆ. ಹೀಗಿದ್ದೂ ಗಂಟೆಗೆ 2,000ಕ್ಕೂ ಹೆಚ್ಚು ಜನರನ್ನು ಅದು ಒಳಗೆ ಕರೆದೊಯ್ಯಬಲ್ಲದು. ಒಂದು ಗಾಡಿ ಹೋಗಿ ಬಂದು, ಕಂಬಿ ಬಿಚ್ಚಿ, ಮತ್ತೆ ಬಿಗಿದು, ಪರೀಕ್ಷಿಸಿ ಬಿಡುವ ಕೋಸ್ಟರ್ ಅಷ್ಟು ಜನರನ್ನು ಸಾಗಿಸಲು ಹೆಣಗಬೇಕು. ಎಲ್ಲರೂ ಕೂರಬಹುದಾದ ಆಟ ಉದ್ದದ ಸಾಲನ್ನೂ ಬೇಗ ಕರಗಿಸುತ್ತದೆ. ನಮ್ಮ ಪಾರ್ಕುಗಳ ಲೆಕ್ಕಪತ್ರ ನೋಡುವವರು ಇದನ್ನು ಗಮನಿಸಬೇಕು.

ನಮ್ಮಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ, ಅದು ನೀರಿನದು. ನಮ್ಮ ಬಿಸಿಲಿಗೆ ಅರ್ಧ ದಿನ ನೀರಾಟದಲ್ಲೇ ಕಳೆಯುತ್ತದೆ. ಅಲೆಯ ಕೊಳ, ಜಾರುಬಂಡೆ, ಹಾಡುಗಳು ಕಿವಿಗಡಚಿಕ್ಕುವ ರೇನ್ ಡ್ಯಾನ್ಸ್. ನೀರಿಗಿಳಿಯಲು ನೈಲಾನ್ ಅಥವಾ ಲೈಕ್ರಾ ಉಡುಪು ಕಡ್ಡಾಯ. ಹತ್ತಿಬಟ್ಟೆಯ ಎಳೆಗಳು ಬಿಟ್ಟುಕೊಂಡು ಶೋಧಕಕ್ಕೆ ಸಿಕ್ಕಿಕೊಳ್ಳುತ್ತವೆ, ಸೀರೆ, ದುಪಟ್ಟಾದಂಥ ಉದ್ದನೆಯ ಬಟ್ಟೆ ಜಾರುವಾಗ ಕಾಲಿಗೆ ಕತ್ತಿಗೆ ಸುತ್ತಿಕೊಳ್ಳಬಹುದು. ಕಾರಣ ಸರಿ, ಆದರೆ ಪರಿಣಾಮ ಬೀಳುವುದು ಒಂದೇ ಕಡೆ. ತಾತ ಚಡ್ಡಿ ಹಾಕಿಕೊಂಡು ಅಲೆಗೆ ಮೈಯೊಡ್ಡಿಯಾರು; ಅರವತ್ತು ವರ್ಷ ಸೀರೆಯುಟ್ಟ ಅಜ್ಜಿ ನೂರು ಜನರ ಮುಂದೆ ಬಾಡಿಗೆಯ ಲೈಕ್ರಾ ತೊಡಲು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಶೋಧಕದ ಕೊಳಕ್ಕೆ ಸೇರದಂತೆ ಬೇರೆಯಾಗಿಯೇ ಹರಿಯುವ, ಮೊಣಕಾಲಿಗಿಂತ ಕಡಿಮೆ ಆಳದ ಒಂದು ತೊರೆ, ಅದರ ದಡದಲ್ಲಿ ಮೆಟ್ಟಿಲು, ಮೇಲೆ ಹೊಂಗೆಯ ನೆರಳು. ಸೀರೆಯ ನೆರಿಗೆ ಎತ್ತಿಕೊಂಡು ಕಾಲಿಳಿಬಿಟ್ಟು ಕೂರಲು ಇಷ್ಟು ಸಾಕು. ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಮೊಮ್ಮಕ್ಕಳ ಜೊತೆ ನೀರೆರಚಾಡುವ ಹೆಂಗಸರು ಪಾರ್ಕಿಗೆ ಬಂದ ಕೂಡಲೇ ನೀರನ್ನು ದೂರದಿಂದ ನೋಡುವವರಾಗುತ್ತಾರೆ ಎಂಬುದು ನನಗೆ ಸಂಕಟದ ಸಂಗತಿ.

ಇದಕ್ಕೆ ಎದುರಾಗುವ ಮಾತುಗಳು ನನಗೆ ಗೊತ್ತು. ಟಿಕೆಟ್ ಕೊಂಡು ಬರುವ ಹುಡುಗರಿಗೆ ಬೇಕಾದದ್ದು ಎದೆ ಝಲ್ಲೆನ್ನಿಸುವ ಆಟ. ದೋಣಿ, ಗೊಂಬೆ ಎಂದರೆ ಅವರು ಬರುವುದೇ ಇಲ್ಲ ಎನ್ನುತ್ತಾರೆ. ಆ ಆಟ ತೆಗೆಯಿರಿ ಎಂದು ಯಾರೂ ಹೇಳುತ್ತಿಲ್ಲ. ಸ್ಪೇಸ್ ಮೌಂಟನ್ ಇರುವ ಅನಾಹೈಮ್‌ನಲ್ಲಿ 1955ರ ಉಗಿಬಂಡಿಯೂ ಇಂದಿಗೂ ಓಡುತ್ತಿದೆ, ಎರಡಕ್ಕೂ ಜನರಿದ್ದಾರೆ. ಎರಡನೆಯ ಮಾತು, ಮನೆಯವರು ಬೇರೆಬೇರೆಯಾಗಿ ಆಡಿ ಊಟಕ್ಕೆ ಸೇರಿದರೆ ಸಾಲದೇ ಎಂಬುದು. ಕೆಲವರಿಗೆ ಸಾಕು. ಡಿಸ್ನಿ ಪಾರ್ಕುಗಳಲ್ಲಿ ಮಗುವನ್ನು ನೋಡಿಕೊಳ್ಳುತ್ತ ಹೊರಗುಳಿದವರು, ಜೊತೆಗಾರರು ಇಳಿದು ಬಂದಮೇಲೆ ಮತ್ತೆ ಪೂರ್ತಿ ಸಾಲು ನಿಲ್ಲದೆ ಹತ್ತುವ ವ್ಯವಸ್ಥೆಯಿದೆ, ಒಳ್ಳೆಯ ಏರ್ಪಾಡು. ಆದರೆ ಅದು ಅಪ್ಪ ಅಮ್ಮಂದಿರ ಸಮಸ್ಯೆಯನ್ನಷ್ಟೇ ಬಿಡಿಸುತ್ತದೆ. ಎಂದೂ ಹತ್ತಲಾಗದವರಿಗೆ ಸರದಿ ಕೊಟ್ಟು ಏನು ಪ್ರಯೋಜನ?

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹಿರಿಯರ ಬಾಯಿಂದಲೇ ಬರುತ್ತದೆ: ‘ಮಕ್ಕಳು ಆಡೋದು ನೋಡಿದ್ರೆ ಸಾಕಪ್ಪ, ನಮಗ್ಯಾಕೆ ಇದೆಲ್ಲ.’ ಈ ಮಾತನ್ನು ಪೂರ್ತಿ ನಂಬಬಾರದು, ಪೂರ್ತಿ ತಳ್ಳಿಹಾಕಲೂಬಾರದು. ನೋಡುವುದರಲ್ಲಿ ನಿಜವಾದ ಸುಖವಿದೆ. ಆದರೆ ಮಕ್ಕಳು ಆಡುವ ಜಾಗ ಬೆಂಚಿನಿಂದ ಕಾಣುವುದೇ ಇಲ್ಲವಲ್ಲ! ಕೋಸ್ಟರ್ ನಿಲ್ದಾಣ ಗೋಡೆಯಾಚೆ, ಸಾಲು ತಗಡಿನ ಚಪ್ಪರದೊಳಗೆ. ಅಜ್ಜಿಗೆ ಕಾಣುವುದು ಗುರುತು ಪರಿಚಯವಿಲ್ಲದವರ ಓಡಾಟ, ಮತ್ತು ಚೀಲ. ನೋಡುವವರಿಗೆ ನೋಡಲು ಬೇಕಾದ ಎತ್ತರದ ಜಗಲಿ ಕಟ್ಟಿದ್ದರೆ ಆ ಮಾತಿಗೆ ಅರ್ಥವಿರುತ್ತಿತ್ತು.

ಕೊನೆಗೆ ದುಡ್ಡಿನ ವಿಷಯ. ಹಿರಿಯ ನಾಗರಿಕರಿಗೆ ರಿಯಾಯಿತಿ ಕೊಡುವ ಪಾರ್ಕುಗಳು ನಮ್ಮಲ್ಲಿವೆ, ಆದರೆ ರಿಯಾಯಿತಿಯೂ ಆಟಗಳೆಲ್ಲ ಸೇರಿದ ದರದ ಮೇಲಿನದೇ. ಬೇರೆ ದಾರಿಗೆ ಕೋಪನ್‌ಹೇಗನ್‌ನ ಟಿವೋಲಿ ಪಾರ್ಕನ್ನು ನೋಡಬೇಕು. ಅದು 1843ರಲ್ಲಿ ಶುರುವಾದದ್ದು. ಡಿಸ್ನಿಲ್ಯಾಂಡ್ ಕಟ್ಟುವ ಮುನ್ನ, 1951ರಲ್ಲಿ, ವಾಲ್ಟ್ ಡಿಸ್ನಿ ಹೋಗಿ ನೋಡಿ ಬಂದದ್ದು. ಅಲ್ಲಿ ಒಳಗೆ ಹೋಗುವ ಟಿಕೆಟ್ಟೇ ಬೇರೆ, ಆಟದ ಟಿಕೆಟ್ಟೇ ಬೇರೆ. 1914ರ ಮರದ ರೋಲರ್ ಕೋಸ್ಟರನ್ನು ಹತ್ತದವರೂ ಹೂದೋಟ, ಸಂಗೀತ, ಸಂಜೆಯ ದೀಪಗಳಿಗಾಗಿ ಬರುತ್ತಾರೆ. ಡಿಸ್ನಿಲ್ಯಾಂಡ್ ಕೂಡ 1982ರವರೆಗೆ ಆಟಕ್ಕೊಂದು ಕೂಪನ್ ಹರಿದು ಕೊಡುತ್ತಿತ್ತು, ಆಮೇಲೆ ಎಲ್ಲಕ್ಕೂ ಒಂದೇ ದರ ಮಾಡಿತು. ಹತ್ತದವರಿಂದ ತೋಟದ ಶುಲ್ಕವನ್ನಷ್ಟೇ ಪಡೆಯುವ ಪಾರ್ಕು ಉಳಿದ ಆದಾಯವನ್ನು ಅವರು ಸಂತೋಷವಾಗಿ ಕಳೆಯುವ ಹೊತ್ತಿನಿಂದಲೇ ಗಳಿಸಬೇಕಾಗುತ್ತದೆ. ಆಗ ಬೆಂಚಿಗೆ ಒರಗು ಬರುತ್ತದೆ, ಹತ್ತಿರದಲ್ಲೇ ಬಿಸಿ ಫಿಲ್ಟರ್ ಕಾಫಿ, ಮೆಟ್ಟಿಲಿಲ್ಲದ ಶೌಚಾಲಯ, ಮಧ್ಯಾಹ್ನದ ಹೊತ್ತು ಒಂದು ಗೊಂಬೆಯಾಟವೋ ಯಕ್ಷಗಾನದ ತುಣುಕೋ ಬರುತ್ತವೆ. ಚೀಲಗಳಿಗೆ, ಟಿಕೆಟ್ಟಿನ ದರದಲ್ಲೇ ಸೇರಿದ ಒಂದು ಲಾಕರ್ ಬರುತ್ತದೆ.