ಎಲ್ಲರೂ ಮೆಜೆಸ್ಟಿಕ್ಕಿಗೇ ಏಕೆ ಬರುತ್ತಾರೆ?

ತುಮಕೂರು ರಸ್ತೆಯ ಪೀಣ್ಯದಲ್ಲಿ 2014ರಲ್ಲಿ ಬಸವೇಶ್ವರ ಬಸ್ ನಿಲ್ದಾಣ ಉದ್ಘಾಟನೆಯಾಯಿತು. ಉದ್ದೇಶ ಒಳ್ಳೆಯದೇ ಇತ್ತು. ಮಧ್ಯ ಮತ್ತು ಉತ್ತರ ಕರ್ನಾಟಕದ ಕಡೆಯ ಬಸ್ಸುಗಳು ಬೆಂಗಳೂರಿನ ಹೊಟ್ಟೆಯೊಳಗೆ ನುಗ್ಗದೆ ಊರಂಚಿನಿಂದಲೇ ಹೊರಟರೆ ಊರ ನಡುವಿನ ಮೆಜೆಸ್ಟಿಕ್ ನಿಲ್ದಾಣದ ದಟ್ಟಣೆ ಇಳಿಯುತ್ತದೆ, ಡೀಸೆಲ್ ಉಳಿಯುತ್ತದೆ, ಪಯಣದ ಅವಧಿ ಕಡಿಮೆಯಾಗುತ್ತದೆ ಎಂಬ ಲೆಕ್ಕ. ಕಟ್ಟಡ ಹೊಸದು, ಅಂಕಣಗಳು ವಿಶಾಲ. ನಗರದಿಂದ ಅಲ್ಲಿಗೆ ಸಂಪರ್ಕ ಬಸ್ಸುಗಳನ್ನೂ ಬಿಟ್ಟರು. ಆದರೆ ಜನ ಬರಲಿಲ್ಲ. ಸ್ವಲ್ಪ ಕಾಲದಲ್ಲೇ ಬಸ್ಸುಗಳು ಮೆಜೆಸ್ಟಿಕ್ಕಿಗೆ ವಾಪಸಾದವು. ಕೋಟಿಗಟ್ಟಲೆ ಹಣದ ಕಟ್ಟಡ ವರ್ಷಗಟ್ಟಲೆ ಹೆಚ್ಚುಕಡಿಮೆ ಖಾಲಿ ಬಿತ್ತು.

ಇದನ್ನು ಪ್ರಯಾಣಿಕರ ಹಟ ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ತಪ್ಪು. ಪ್ರಯಾಣಿಕರು ಮಾಡಿದ್ದು ಲೆಕ್ಕವನ್ನೇ. ಸಾರಿಗೆ ಸಂಶೋಧಕರು ಹಲವು ದೇಶಗಳಲ್ಲಿ ದಶಕಗಳಿಂದ ಅಳೆದು ಕಂಡುಕೊಂಡ ಲೆಕ್ಕ ಅದು.

ಬಸ್ಸಿನಲ್ಲಿ ಕೂತು ಕಳೆದ ಹತ್ತು ನಿಮಿಷವೂ ನಿಲ್ದಾಣದಲ್ಲಿ ಕಾಯುತ್ತಾ ಕಳೆದ ಹತ್ತು ನಿಮಿಷವೂ ಮನುಷ್ಯನಿಗೆ ಒಂದೇ ಅಲ್ಲ. ಕಾಯುವ ಮತ್ತು ನಡೆಯುವ ಒಂದು ನಿಮಿಷವನ್ನು ಜನ ಸರಿಸುಮಾರು ಎರಡು ನಿಮಿಷದ ಪಯಣದಷ್ಟು ಭಾರವೆಂದು ಎಣಿಸುತ್ತಾರೆ. ಇದರ ಜೊತೆಗೆ ಒಂದು ವಾಹನದಿಂದ ಇನ್ನೊಂದಕ್ಕೆ ಬದಲಾಯಿಸುವುದಕ್ಕೇ ಪ್ರತ್ಯೇಕ ದಂಡವಿದೆ. ಲಗೇಜು ಇಳಿಸಬೇಕು, ಮಕ್ಕಳನ್ನು ಎಬ್ಬಿಸಬೇಕು, ಮುಂದಿನ ಬಸ್ ಎಲ್ಲಿ ನಿಲ್ಲುತ್ತದೆಂದು ವಿಚಾರಿಸಬೇಕು. ಯೋಜಕರು ಈ ಕಷ್ಟವನ್ನೂ ನಿಮಿಷಗಳಿಗೆ ಪರಿವರ್ತಿಸಿ ಲೆಕ್ಕಕ್ಕೆ ಸೇರಿಸುತ್ತಾರೆ.

ದಾವಣಗೆರೆಯಿಂದ ಜಯನಗರಕ್ಕೆ ಹೊರಟ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಮೆಜೆಸ್ಟಿಕ್ಕಿನಲ್ಲಿ ಇಳಿದರೆ ಅದೇ ಆವರಣದಲ್ಲಿ ಜಯನಗರದ ಸಿಟಿ ಬಸ್ ಸಿಗುತ್ತದೆ. ಪೀಣ್ಯದಲ್ಲಿ ಇಳಿದರೆ ಮೊದಲು ಮೆಜೆಸ್ಟಿಕ್ಕಿನ ಬಸ್ಸಿಗೆ ಕಾಯಬೇಕು, ಅಲ್ಲಿ ಇಳಿದು ಮತ್ತೆ ಕಾಯಬೇಕು. ಹತ್ತು ನಿಮಿಷದ ಆ ಹೆಚ್ಚುವರಿ ಕಾಯುವಿಕೆ ಮನಸ್ಸಿನ ಲೆಕ್ಕದಲ್ಲಿ ಇಪ್ಪತ್ತಾಗುತ್ತದೆ, ಅದರ ಮೇಲೆ ಬದಲಾವಣೆಯ ದಂಡ. ಪೀಣ್ಯದ ನಿಲ್ದಾಣ ಶುರುವಾದ ಹೊತ್ತಿಗೆ ಹಸಿರು ಮಾರ್ಗದ ಮೆಟ್ರೊ ಪೀಣ್ಯದ ಕಡೆಯಿಂದ ಓಡುತ್ತಿತ್ತು ನಿಜ, ಆದರೆ ಸಂಪಿಗೆ ರಸ್ತೆಯಲ್ಲೇ ನಿಂತುಬಿಡುತ್ತಿತ್ತು. ಅದು ಮೆಜೆಸ್ಟಿಕ್ ಮುಟ್ಟಿ ದಕ್ಷಿಣಕ್ಕೆ ಸಾಗಿದ್ದು 2017ರಲ್ಲಿ. ಹೊಸ ನಿಲ್ದಾಣ ಬಸ್ಸಿನ ಸಮಯ ಉಳಿಸಿತು, ಜನರ ಸಮಯ ತಿಂದಿತು.

ಮೆಜೆಸ್ಟಿಕ್ಕಿನ ಬಗ್ಗೆ ದೂರುಗಳಿಗೆ ಕೊರತೆಯಿಲ್ಲ, ಬಹುಪಾಲು ದೂರುಗಳು ನ್ಯಾಯವಾದವೇ. ಒಂದು ಕಾಲದಲ್ಲಿ ಊರಿಗೆ ನೀರು ಕೊಟ್ಟ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ನಿಲ್ದಾಣ ಅದು. ಆದರೂ ಅಲ್ಲಿ ನಗರದ ಬಸ್ಸು, ಪರಊರಿನ ಬಸ್ಸು, ರಸ್ತೆಯಾಚೆ ರೈಲು, ನೆಲದಡಿಯಲ್ಲಿ ಒಂದರ ಕೆಳಗೊಂದು ಎರಡು ಮೆಟ್ರೊ ಮಾರ್ಗ, ಎಲ್ಲವೂ ನಡೆದು ಮುಟ್ಟುವ ದೂರದಲ್ಲಿವೆ. ನಿಲ್ದಾಣವೊಂದು ಕೊಡಬಹುದಾದ ಮೊದಲ ಸೇವೆ ಈ ಸಾಮೀಪ್ಯ. ಅಮೃತಶಿಲೆಯ ನೆಲ, ಗಾಜಿನ ಗೋಡೆ, ಹವಾನಿಯಂತ್ರಣ ಇವೆಲ್ಲ ಆಮೇಲಿನವು. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯಲ್ಲಿ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ರೈಲ್ವೆ ಟರ್ಮಿನಲ್ ವಿಮಾನ ನಿಲ್ದಾಣದಂತೆ ಕಾಣುವ ಸುಂದರ ಕಟ್ಟಡ. ಏಳು ಪ್ಲಾಟ್‌ಫಾರ್ಮುಗಳಿವೆ. ಅಲ್ಲಿಗೆ ಹೋಗುವ ಪ್ರಯಾಣಿಕರ ಮೊದಲ ಮಾತು ಮಾತ್ರ ಆರಂಭದಿಂದಲೂ ಒಂದೇ: ಅಲ್ಲಿಗೆ ತಲುಪುವುದು ಹೇಗೆ?

ಜಾಗ ಆಯ್ಕೆಯಾದ ಮೇಲೆ ಎರಡನೆಯ ಪ್ರಶ್ನೆ: ಎಷ್ಟು ದೊಡ್ಡದು ಕಟ್ಟಬೇಕು? ಅಮೆರಿಕದ ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವೊಂದು ಇಲ್ಲಿ ನೆರವಿಗೆ ಬರುತ್ತದೆ. ಅದು ಎಷ್ಟು ಸರಳವೆಂದರೆ ಬಾಯಿಲೆಕ್ಕದಲ್ಲೇ ಮುಗಿಯುತ್ತದೆ. ನಿಮಿಷಕ್ಕೆ ಎಷ್ಟು ಜನ ಒಳಗೆ ಬರುತ್ತಾರೆ, ಒಬ್ಬೊಬ್ಬರು ಸರಾಸರಿ ಎಷ್ಟು ನಿಮಿಷ ಇರುತ್ತಾರೆ, ಇವೆರಡನ್ನು ಗುಣಿಸಿದರೆ ಯಾವುದೇ ಕ್ಷಣದಲ್ಲಿ ಒಳಗಿರುವ ಜನರ ಸರಾಸರಿ ಸಂಖ್ಯೆ ಸಿಗುತ್ತದೆ. ನಿಮಿಷಕ್ಕೆ 60 ಜನ ಬಂದು ತಲಾ 20 ನಿಮಿಷ ಕಾದರೆ ನಿಲ್ದಾಣದಲ್ಲಿ 1200 ಜನ. ಬಸ್ಸುಗಳು ತಡವಾಗಿ ಕಾಯುವ ಅವಧಿ 40 ನಿಮಿಷವಾಯಿತೆನ್ನಿ, ಅದೇ ನಿಲ್ದಾಣದಲ್ಲಿ ಈಗ 2400 ಜನ. ಹೊಸಬರು ಒಬ್ಬರೂ ಹೆಚ್ಚಾಗಿಲ್ಲ, ಗಿಜಿಗುಡುವಿಕೆ ಮಾತ್ರ ಇಮ್ಮಡಿ.

ಆ ಜನಕ್ಕೆ ತಲಾ ಎಷ್ಟು ಜಾಗ ಬೇಕು? ನ್ಯೂಯಾರ್ಕಿನ ಬಂದರು ಪ್ರಾಧಿಕಾರದಲ್ಲಿ ಎಂಜಿನಿಯರಾಗಿದ್ದ ಜಾನ್ ಫ್ರುಯಿನ್ 1971ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿಗೂ ಈ ವಿಷಯದಲ್ಲಿ ಆಧಾರಗ್ರಂಥ. ನಿಂತ ಮನುಷ್ಯನನ್ನು ಮೇಲಿನಿಂದ ನೋಡಿದರೆ ಎರಡಡಿ ಅಗಲ, ಒಂದೂವರೆ ಅಡಿ ದಪ್ಪದ ಅಂಡಾಕಾರ. ಸರದಿಯಲ್ಲೋ ಅಂಕಣದಲ್ಲೋ ಕಾಯುವ ಒಬ್ಬರಿಗೆ 13 ಚದರ ಅಡಿ ಇದ್ದರೆ ಸುತ್ತಲಿನವರು ಆರಾಮವಾಗಿ ಓಡಾಡಬಹುದು. ಅದು ಏಳಕ್ಕಿಂತ ಇಳಿದರೆ ಪಕ್ಕದವರನ್ನು ಸರಿಸದೆ ಹಾಯಲಾಗದು. ಎರಡಕ್ಕಿಂತ ಇಳಿದರೆ ಮೈಗೆ ಮೈ ಒತ್ತುತ್ತದೆ, ಗಾಬರಿಗೆ ಅಲ್ಲಿಂದ ಹೆಚ್ಚು ದೂರವಿಲ್ಲ. ಮೇಲಿನ 1200 ಜನಕ್ಕೆ ಆರಾಮದ ಜಾಗವೆಂದು 15,600 ಚದರ ಅಡಿ ಕಟ್ಟಿದ್ದರೆ, ಬಸ್ ತಡವಾದ ದಿನ ಅದು ತಲಾ ಆರೂವರೆ ಚದರ ಅಡಿಗೆ ಕುಸಿಯುತ್ತದೆ. ವೇಳಾಪಟ್ಟಿ ಪಾಲಿಸುವುದೆಂದರೆ ಸಿಮೆಂಟು ಇಟ್ಟಿಗೆ ಇಲ್ಲದೆ ನಿಲ್ದಾಣವನ್ನು ದೊಡ್ಡದು ಮಾಡಿದಂತೆಯೇ. ಫ್ರುಯಿನ್ ಅಳತೆ ಹೆಚ್ಚು ಲಗೇಜಿಲ್ಲದೆ ನಿಂತವರದ್ದು. ತಲೆಯ ಮೇಲೆ ಗಂಟು, ಸೊಂಟದಲ್ಲಿ ಮಗು, ಕಾಲಬುಡದಲ್ಲಿ ಅಕ್ಕಿ ಮೂಟೆ ಇರುವ ಪ್ರಯಾಣಿಕರಿಗೆ ಅದು ಸಾಲದು.

ಅಂಕಣಗಳ ಲೆಕ್ಕವೂ ಇದೇ ಜಾಡಿನದು. ಒಂದು ಬಸ್ ಅಂಕಣದಲ್ಲಿ ಹತ್ತು ನಿಮಿಷ ನಿಂತು, ಒಳಬರಲು ಹೊರಹೋಗಲು ಎರಡು ನಿಮಿಷ ತೆಗೆದುಕೊಂಡರೆ ಗಂಟೆಗೆ ಒಂದು ಅಂಕಣದಿಂದ ಐದು ಬಸ್ ಹೊರಡಬಹುದು. ಗಂಟೆಗೆ 60 ಬಸ್ಸಿನ ನಿಲ್ದಾಣಕ್ಕೆ ಹನ್ನೆರಡು ಅಂಕಣ ಸಾಕು. ಅದೇ ಬಸ್ಸುಗಳು ಹದಿನೆಂಟು ನಿಮಿಷ ನಿಂತರೆ ಇಪ್ಪತ್ತು ಅಂಕಣ ಬೇಕು.

ನಿಲ್ಲುವ ಅವಧಿಯನ್ನು ನಿರ್ಧರಿಸುವುದು ಬಹಳ ಸಲ ಒಂದು ಬಾಗಿಲು. ಜಿಲ್ಲಾ ಕೇಂದ್ರದ ಯಾವುದೇ ನಿಲ್ದಾಣದಲ್ಲಿ ಸಂಜೆ ಐದರ ಹೊತ್ತಿಗೆ ನೋಡಿದರೆ ಇದು ಗೊತ್ತಾಗುತ್ತದೆ. ಬಸ್ ಇನ್ನೂ ಪೂರ್ತಿ ನಿಂತಿರುವುದಿಲ್ಲ, ಕಿಟಕಿಯಿಂದ ಟವೆಲ್ಲು, ಕರ್ಚೀಫು, ಪುಸ್ತಕದ ಚೀಲ ಒಳಗೆ ಬೀಳುತ್ತವೆ. ಇಳಿಯುವವರು ಮೆಟ್ಟಿಲ ಮೇಲೆ, ಹತ್ತುವವರು ಬಾಗಿಲ ಕಂಬಿ ಹಿಡಿದು, ಎರಡೂ ಕಡೆಯವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. 'ಇಳಿಯೋರಿಗೆ ದಾರಿ ಬಿಡ್ರೀ' ಎಂಬ ಕಂಡಕ್ಟರ್ ಕೂಗು ಗದ್ದಲದಲ್ಲಿ ಮುಳುಗುತ್ತದೆ. ಜರ್ಮನಿಯ ಡಿರ್ಕ್ ಹೆಲ್ಬಿಂಗ್ ಮತ್ತು ಹಂಗೇರಿಯ ಇಬ್ಬರು ಸಂಶೋಧಕರು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದರ ಭೌತಶಾಸ್ತ್ರವನ್ನು ಬಿಡಿಸಿಟ್ಟರು. ಗುಂಪಿನ ಪ್ರತಿಯೊಬ್ಬರನ್ನೂ ಒಂದು ಕಣವೆಂದು ಭಾವಿಸಿ ಕಂಪ್ಯೂಟರಿನಲ್ಲಿ ನಡೆಸಿ ನೋಡಿದಾಗ ಕಂಡದ್ದು: ಕಿರಿದಾದ ಬಾಗಿಲಿಗೆ ಎಲ್ಲರೂ ಆತುರದಿಂದ ನುಗ್ಗಿದರೆ ಭುಜಗಳ ಘರ್ಷಣೆಯಿಂದ ಕಮಾನಿನಾಕಾರದ ತಡೆ ಉಂಟಾಗಿ, ಸಾವಧಾನವಾಗಿ ಹೋದಾಗಿನಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ನಲವತ್ತು ಜನ ತಲಾ ಮೂರು ಸೆಕೆಂಡಿನಲ್ಲಿ ಹತ್ತಿದರೆ ಎರಡು ನಿಮಿಷ, ನೂಕುನುಗ್ಗಲಿನಲ್ಲಿ ತಲಾ ಐದು ಸೆಕೆಂಡಾದರೆ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಸರದಿಗೆಂದು ಹಾಕುವ ಒಂದು ಕಬ್ಬಿಣದ ಕಟಕಟೆ ಈ ಹೆಚ್ಚುವರಿ ಸಮಯವನ್ನು ಉಳಿಸಬಲ್ಲದು. ಆದರೆ ಸೀಟು ಸಿಗುವ ಭರವಸೆಯಿದ್ದರೆ ಮಾತ್ರ ಜನ ಸರದಿಯಲ್ಲಿ ನಿಲ್ಲುತ್ತಾರೆ. ಟವೆಲ್ಲಿನ ಮೂಲ ಕಾರಣ ಸಾಕಷ್ಟು ಬಸ್ ಇಲ್ಲದಿರುವುದು.

ಟಿಕೆಟ್ ಕೌಂಟರಿನ ಸಾಲಿಗೂ ಗಣಿತವಿದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎ.ಕೆ. ಎರ್ಲಾಂಗ್ 1909ರಲ್ಲಿ ಶುರುಮಾಡಿದ ಶಾಸ್ತ್ರ ಅದು. ಒಂದೇ ಕೌಂಟರು, ಒಬ್ಬರಿಗೆ ಸರಾಸರಿ ಒಂದು ನಿಮಿಷ, ಜನ ಮನಬಂದ ಹೊತ್ತಿಗೆ ಬರುತ್ತಾರೆ. ಕೌಂಟರು ಶೇ 80ರಷ್ಟು ಹೊತ್ತು ಕೆಲಸದಲ್ಲಿದ್ದರೆ ಸಾಲಿನಲ್ಲಿ ಸರಾಸರಿ ನಾಲ್ಕು ನಿಮಿಷ ಕಾಯಬೇಕು. ಶೇ 95ಕ್ಕೆ ಏರಿದರೆ ಹತ್ತೊಂಬತ್ತು ನಿಮಿಷ. ಸಿಬ್ಬಂದಿ ಕೊಂಚ ಹೊತ್ತು ಖಾಲಿ ಕೂತಿರುವುದನ್ನು ದುಂದುವೆಚ್ಚ ಎನ್ನುವವರು ಈ ಎರಡು ಸಂಖ್ಯೆಗಳನ್ನು ನೋಡಬೇಕು.

ಸಾಲು ಉದ್ದವಾದರೆ ಬೇಸರ. ಮೆಟ್ಟಿಲು ಕಿರಿದಾದರೆ ಜೀವಕ್ಕೇ ಅಪಾಯ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಮುಂಬೈನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯ ಮೆಟ್ಟಿಲ ಮೇಲೆ 23 ಜನ ಸತ್ತರು. ಸೇತುವೆ ಮುರಿದಿರಲಿಲ್ಲ, ಬೆಂಕಿ ಬಿದ್ದಿರಲಿಲ್ಲ. ಮಳೆ ಸುರಿಯುತ್ತಿತ್ತು. ಜನ ಹೊರಗೆ ಹೋಗದೆ ಸೂರಿನಡಿ ನಿಂತರು, ಹಿಂದಿನಿಂದ ರೈಲುಗಳು ಜನರನ್ನು ತಂದು ಸುರಿಯುತ್ತಲೇ ಇದ್ದವು. ಇಂಥ ಜಾಗದ ಲೆಕ್ಕ ಕಷ್ಟದ್ದಲ್ಲ. ಮೆಟ್ಟಿಲಿನ ಪ್ರತಿ ಮೀಟರ್ ಅಗಲಕ್ಕೆ ನಿಮಿಷಕ್ಕೆ ಸುಮಾರು 50ರಿಂದ 60 ಜನ ಹತ್ತಬಹುದು. ಎರಡು ಮೀಟರಿನ ಮೆಟ್ಟಿಲಿಗೆ 1500 ಜನರನ್ನು ಬಿಟ್ಟರೆ ಅದು ಖಾಲಿಯಾಗಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕು. ಮುಂದಿನ ರೈಲು ನಾಲ್ಕು ನಿಮಿಷದಲ್ಲಿ ಬರುವುದಾದರೆ ಏನಾಗುತ್ತದೆಂಬುದನ್ನು ನಕ್ಷೆ ಬರೆಯುವಾಗಲೇ ಹೇಳಬಹುದು. ಮುಂಬೈನಲ್ಲಿ ಹೊಸ ಸೇತುವೆಯನ್ನು ಸೇನೆ ಕೆಲವೇ ತಿಂಗಳಲ್ಲಿ ಕಟ್ಟಿಕೊಟ್ಟಿತು, ಅದೂ ಜೀವಗಳು ಹೋದ ಮೇಲೆ. 2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ನಿಲ್ದಾಣದಲ್ಲಿ ಕುಂಭಮೇಳಕ್ಕೆ ಹೊರಟಿದ್ದವರ ದಟ್ಟಣೆಯಲ್ಲಿ 18 ಜನ ಸತ್ತದ್ದೂ ಮೆಟ್ಟಿಲ ಬಳಿಯೇ.

ಕರ್ನಾಟಕದ ನಿಲ್ದಾಣಗಳಿಗೆ ಈಗ ತುರ್ತಾದ ಲೆಕ್ಕ ಇನ್ನೊಂದಿದೆ. ಅದು ಶೌಚಾಲಯದ್ದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಧರ್ಮಸ್ಥಳಕ್ಕೆ, ತವರಿಗೆ, ಕಾಲೇಜಿಗೆ, ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳು ನಿಲ್ದಾಣಗಳನ್ನು ತುಂಬಿದರು. ನಿಲ್ದಾಣಗಳ ಗೋಡೆಗಳು ಮಾತ್ರ ಹಳೆಯ ಅಂದಾಜಿನವು. ಗಂಡಸರಿಗೂ ಹೆಂಗಸರಿಗೂ ಸಮಾನ ಚದರ ಅಡಿ ಕೊಟ್ಟರೆ ಸಮಾನ ಸೇವೆ ಸಿಕ್ಕಂತಾಗುವುದಿಲ್ಲ. ಮೂತ್ರಾಲಯದ ಸಾಲುಗಳಿಂದಾಗಿ ಅಷ್ಟೇ ಜಾಗದಲ್ಲಿ ಗಂಡಸರಿಗೆ ಹೆಚ್ಚು ಸ್ಥಾನಗಳು ಸಿಗುತ್ತವೆ. ಜೊತೆಗೆ ಮಹಿಳೆಯರಿಗೆ ತಗಲುವ ಸಮಯ ಸುಮಾರು ಒಂದೂವರೆಯಿಂದ ಎರಡು ಪಟ್ಟು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಇದನ್ನು ಎರ್ಲಾಂಗ್ ಶಾಸ್ತ್ರದ ದಾರಿಯಲ್ಲೇ ಲೆಕ್ಕಹಾಕಿದಾಗ, ಜನಜಂಗುಳಿಯ ಹೊತ್ತಿನಲ್ಲಿ ಗಂಡಸರು ಸೆಕೆಂಡುಗಳಷ್ಟೇ ಕಾದರೆ ಹೆಂಗಸರು ಆರು ನಿಮಿಷ ಕಾಯಬೇಕಾಗುತ್ತದೆಂದು ಬಂತು. ಹತ್ತು ನಿಮಿಷ ನಿಲ್ಲುವ ಬಸ್ಸಿನಿಂದ ಇಳಿದು ಹೋದ ಹೆಣ್ಣುಮಗಳಿಗೆ ಆರು ನಿಮಿಷ ಎಂದರೇನು? ಎಷ್ಟೋ ಜನ ಪಯಣದ ದಿನ ನೀರನ್ನೇ ಕುಡಿಯದೆ ಹೊರಡುತ್ತಾರೆ. ಮಹಿಳೆಯರ ಶೌಚಾಲಯಕ್ಕೆ ಕನಿಷ್ಠ ಎರಡು ಪಟ್ಟು ಜಾಗ ಕೊಡುವುದು ಔದಾರ್ಯವಲ್ಲ, ಸರಿಯಾದ ಗುಣಾಕಾರ.

ಕೆಲವು ಸೇವೆಗಳಿಗೆ ಜಾಗವೇ ಬೇಡ. ಮುಂದಿನ ಬಸ್ ಎಷ್ಟು ನಿಮಿಷಕ್ಕೆ ಎಂಬ ಫಲಕವೊಂದಿದ್ದರೆ ಕಾಯುವ ಅವಧಿ ನಿಜವಾಗಿ ಕಡಿಮೆಯಾಗದಿದ್ದರೂ ಕಡಿಮೆಯಾದಂತೆ ಅನ್ನಿಸುತ್ತದೆ. 1990ರ ದಶಕದಲ್ಲಿ ಲಂಡನ್ನಿನಲ್ಲಿ ಅಂಥ ಫಲಕ ಹಾಕಿ ಪ್ರಯಾಣಿಕರನ್ನು ಕೇಳಿದಾಗ ಇದು ಸ್ಪಷ್ಟವಾಯಿತು. ಮೈಸೂರಿನ ನಗರ ಬಸ್ಸುಗಳಿಗೆ 2012ರಲ್ಲೇ ಈ ಬಗೆಯ ವ್ಯವಸ್ಥೆ ಬಂದಿತು. ಅನಿಶ್ಚಿತತೆಯೇ ಕಾಯುವಿಕೆಯ ಅರ್ಧ ಭಾರ.

ಮೆಟ್ರೊ ನಿಲ್ದಾಣಗಳ ನೆಲದಲ್ಲಿ ಕಾಣುವ ಹಳದಿ ಉಬ್ಬುಪಟ್ಟಿಗಳು ಅಲಂಕಾರವೆಂದುಕೊಂಡವರು ಈಗಲೂ ಇದ್ದಾರೆ. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಇವನ್ನು ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯೊಂದರ ಬಳಿಯ ರಸ್ತೆಯಲ್ಲಿ ಮೊದಲ ಬಾರಿಗೆ ಹಾಕಿದರು. ಉದ್ದ ಗೆರೆಯಿದ್ದರೆ ಮುಂದೆ ನಡೆಯಬಹುದು, ಗುಂಡು ಚುಕ್ಕೆಯಿದ್ದರೆ ಎಚ್ಚರ, ನಿಲ್ಲಬೇಕು. ಕಣ್ಣು ಕಾಣದವರು ಅಂಗಾಲಿನಿಂದ, ಕೋಲಿನಿಂದ ಓದುವ ಲಿಪಿ ಇದು. ಬಸ್ ನಿಲ್ದಾಣಗಳಲ್ಲಿ ಈ ಪಟ್ಟಿಯ ಮೇಲೆ ನೀರಿನ ಬಾಟಲಿಯ ಕ್ರೇಟು, ಹೂಕುಂಡ, ಮುರಿದ ಬೆಂಚು ಇಟ್ಟಿರುತ್ತಾರೆ. ಕೆಲವೆಡೆ ಪಟ್ಟಿ ನೇರವಾಗಿ ಕಂಬಕ್ಕೆ ಹೋಗಿ ಮುಗಿಯುತ್ತದೆ. ಓದಲು ಬಾರದವರು ಹಾಕಿದ ಅಕ್ಷರಗಳು ಅವು, ಅವುಗಳನ್ನು ನಂಬಿ ನಡೆದವರ ಹಣೆಗೆ ಪೆಟ್ಟು.

ಬೆಂಗಳೂರಿನಲ್ಲಿ ಈಗ ಇನ್ನೊಂದು ದೊಡ್ಡ ಕೂಡುತಾಣ ರೂಪುಗೊಳ್ಳುತ್ತಿದೆ. ಹೆಬ್ಬಾಳದಲ್ಲಿ ವಿಮಾನ ನಿಲ್ದಾಣದ ಕಡೆಗಿನ ಮೆಟ್ರೊ, ಬೈಯಪ್ಪನಹಳ್ಳಿ–ಚಿಕ್ಕಬಾಣಾವರ ನಡುವಿನ 'ಮಲ್ಲಿಗೆ' ಉಪನಗರ ರೈಲು, ಹೊರವರ್ತುಲ ರಸ್ತೆಯ ಬಸ್ಸುಗಳು, ಬಳ್ಳಾರಿ ರಸ್ತೆಯ ಬಸ್ಸುಗಳು ಎಲ್ಲವೂ ಹತ್ತಿರ ಹತ್ತಿರ ಬರಲಿವೆ. ಈ ಸೌಕರ್ಯಗಳನ್ನು ನಡೆಸುವವರು ಬೇರೆ ಬೇರೆ ಸಂಸ್ಥೆಗಳು, ಬಜೆಟ್ಟು ಬೇರೆ, ಬೇಲಿಗಳೂ ಬೇರೆ. ರೈಲಿನಿಂದ ಇಳಿದವರು ಬಸ್ ಅಂಕಣಕ್ಕೆ ಎಷ್ಟು ಮೆಟ್ಟಿಲು ಹತ್ತಿಳಿದು, ಎಷ್ಟು ನಿಮಿಷ ನಡೆದು, ಮಳೆಯಲ್ಲಿ ನೆನೆಯದೆ ತಲುಪುತ್ತಾರೆ ಎಂಬ ಸಂಖ್ಯೆಗಳನ್ನು ಪ್ರತಿ ನಕ್ಷೆಯ ಮೊದಲ ಪುಟದಲ್ಲೇ ಬರೆದು, ಕಾಮಗಾರಿ ಮುಗಿಯುವ ಮುಂಚೆ ಸಾರ್ವಜನಿಕರ ಮುಂದೆ ಇಡಬೇಕು. ಒಂದು ಸಂಸ್ಥೆಯ ದ್ವಾರ ಇನ್ನೊಂದರ ಗೋಡೆಗೆ ಎದುರಾದರೆ ಅದನ್ನು ಕಾಗದದ ಮೇಲೆ ತಿದ್ದಲು ಒಂದು ವಾರ ಸಾಕು. ಕಾಂಕ್ರೀಟು ಹಾಕಿದ ಮೇಲೆ ಅದಕ್ಕೆ ಹತ್ತು ವರ್ಷವೂ ಹಿಡಿಯಬಹುದು.