ವಾಟ್ ಒಂದೇ ಸಾಲದು, ದಿಕ್ಕೂ ಬೇಕು

2023ರ ಜುಲೈ 21ರಂದು ನಾಸಾ ಕಳಿಸಿದ ಆದೇಶಗಳಲ್ಲಿ ಒಂದು ತಪ್ಪು ನುಸುಳಿತು. ವಾಯೇಜರ್-2 ನೌಕೆಯ ಆಂಟೆನಾ ಭೂಮಿಯ ದಿಕ್ಕಿನಿಂದ ಕೇವಲ 2 ಡಿಗ್ರಿ ಆಚೆ ಹೊರಳಿತು. ಅಷ್ಟಕ್ಕೇ ಸಂಪರ್ಕ ಕಡಿದುಹೋಯಿತು. ನೌಕೆಯ ಟ್ರಾನ್ಸ್‌ಮಿಟರ್ ಕೆಟ್ಟಿರಲಿಲ್ಲ, ಅದರ ಶಕ್ತಿಯೂ ಕುಂದಿರಲಿಲ್ಲ. ಭೂಮಿಯ ಪಾಲಿಗೆ ಇಲ್ಲವಾದದ್ದು ಆಂಟೆನಾದ ಗೇನ್.

ರೇಡಿಯೊ ಸಂಪರ್ಕಕ್ಕೆ ಎರಡು ಬಲಗಳು ಬೇಕು. ಮೊದಲನೆಯದು ಟ್ರಾನ್ಸ್‌ಮಿಟರ್ ಹೊರಹಾಕುವ ಶಕ್ತಿ, ಅದನ್ನು ವಾಟ್‌ಗಳಲ್ಲಿ ಅಳೆಯುತ್ತೇವೆ. ದೊಡ್ಡ ನಗರಗಳ ಎಫ್‌ಎಂ ಕೇಂದ್ರಗಳು ಸಾವಿರಾರು ವಾಟ್ ಬಳಸಿದರೆ, ವಾಯೇಜರ್‌ನ ಟ್ರಾನ್ಸ್‌ಮಿಟರ್‌ನದು ಸುಮಾರು 23 ವಾಟ್ ಮಾತ್ರ. ಅಲೆಗಳು ಸಾಗಿದಂತೆಲ್ಲ ಹರಡಿ ತೆಳುವಾಗುತ್ತವೆ: ದೂರ ಎರಡು ಪಟ್ಟಾದರೆ ಸಿಗುವ ಶಕ್ತಿ ನಾಲ್ಕರಲ್ಲೊಂದು ಪಾಲು. ಈ 23 ವಾಟ್ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದ್ದರೆ ಭೂಮಿಯಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ.

ಎರಡನೆಯ ಬಲವೇ ಗೇನ್. ಟಾರ್ಚಿನ ಬಲ್ಬನ್ನು ಬಿಚ್ಚಿ ಬರಿದಾಗಿ ಉರಿಸಿದರೆ ಕೋಣೆಗೆಲ್ಲ ಮಂಕು ಬೆಳಕು. ಅದೇ ಬಲ್ಬಿನ ಹಿಂದೆ ಪ್ರತಿಫಲಕ ಇಟ್ಟರೆ ದೂರದ ಮರವೂ ಕಾಣುತ್ತದೆ. ಆಂಟೆನಾ ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಉಳಿದ ದಿಕ್ಕುಗಳ ಪಾಲನ್ನು ಕಿತ್ತು ಒಂದೇ ದಿಕ್ಕಿಗೆ ಕೊಡುತ್ತದೆ.

ಗೇನ್‌ನ ಅಳತೆ ಡೆಸಿಬೆಲ್. 3 ಡೆಸಿಬೆಲ್ ಎಂದರೆ ಸುಮಾರು ಎರಡು ಪಟ್ಟು, 10 ಎಂದರೆ ಹತ್ತು ಪಟ್ಟು, 20 ಎಂದರೆ ನೂರು ಪಟ್ಟು. ವಾಯೇಜರ್‌ನ 3.7 ಮೀಟರ್ ಅಗಲದ ಡಿಶ್ ಆಂಟೆನಾದ ಗೇನ್ ಸುಮಾರು 48 ಡೆಸಿಬೆಲ್, ಅಂದರೆ ಅರವತ್ತು ಸಾವಿರ ಪಟ್ಟಿಗೂ ಹೆಚ್ಚು. ಹಾಗಾಗಿ ಅದು ಗುರಿಯಿಟ್ಟ ಕಡೆಗೆ 23 ವಾಟ್ ಸುಮಾರು 14 ಲಕ್ಷ ವಾಟ್‌ನಂತೆ ಕೆಲಸ ಮಾಡುತ್ತದೆ.

ಈ ಲಾಭಕ್ಕೆ ಬೆಲೆಯೂ ಇದೆ. ಗೇನ್ ಹೆಚ್ಚಿದಷ್ಟೂ ಕಿರಣ ಕಿರಿದಾಗುತ್ತದೆ. ವಾಯೇಜರ್ ಭೂಮಿಗೆ ಕಳಿಸುವ ಕಿರಣದ ಅಗಲ ಒಂದು ಡಿಗ್ರಿಯೂ ಇಲ್ಲ. ಆದ್ದರಿಂದಲೇ 2 ಡಿಗ್ರಿಯ ತಪ್ಪು ಅಷ್ಟು ದುಬಾರಿಯಾಯಿತು. ಆಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಕೇಂದ್ರ ತನ್ನ ಅತ್ಯಧಿಕ ಶಕ್ತಿಯ ಟ್ರಾನ್ಸ್‌ಮಿಟರ್‌ನಿಂದ, ಸುಮಾರು 1,990 ಕೋಟಿ ಕಿಲೋಮೀಟರ್ ದೂರದ ನೌಕೆಗೆ, ತಿರುಗಿಕೊಳ್ಳುವಂತೆ ಆದೇಶ ಕಳಿಸಿತು. ಅದು ತಲುಪಿತೇ ಎಂದು ತಿಳಿಯಲು 37 ಗಂಟೆ ಕಾಯಬೇಕಾಯಿತು. ಆಗಸ್ಟ್ 4ರಂದು ಮಾಹಿತಿ ಮತ್ತೆ ಬರತೊಡಗಿತು. ನೌಕೆಯ ಆಂಟೆನಾ ಕಳೆದುಕೊಂಡ ಗೇನನ್ನು ನೆಲದ ವಾಟ್‌ಗಳು ತುಂಬಿಕೊಟ್ಟಿದ್ದವು.

ಗೇನ್‌ನ ದೊಡ್ಡ ಗುಣವೆಂದರೆ ಅದು ಕಳಿಸುವಾಗಲೂ ಆಲಿಸುವಾಗಲೂ ನೆರವಾಗುತ್ತದೆ. ನೌಕೆಯಲ್ಲಿ ವಿದ್ಯುತ್ತಿಗೂ ತೂಕಕ್ಕೂ ಕಟ್ಟುನಿಟ್ಟಾದ ಮಿತಿಯಿದೆ. ನೆಲದ ಮೇಲೆ ಮಾತ್ರ ದೊಡ್ಡ ಡಿಶ್ ಕಟ್ಟಬಹುದು. ಡಿಶ್‌ನ ವ್ಯಾಸ ಎರಡು ಪಟ್ಟಾದರೆ ಗೇನ್ ನಾಲ್ಕು ಪಟ್ಟಾಗುತ್ತದೆ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ, 2008ರ ಚಂದ್ರಯಾನ-1ಕ್ಕಾಗಿ ಇಸ್ರೊ 32 ಮೀಟರ್ ವ್ಯಾಸದ ಆಂಟೆನಾ ನಿಲ್ಲಿಸಿದ್ದು ಈ ಲೆಕ್ಕದ ಮೇಲೆಯೇ. ಮುಂದೆ ಮಂಗಳಯಾನದ 2.2 ಮೀಟರ್ ಡಿಶ್ ಕಳಿಸಿದ ಕ್ಷೀಣ ಸಂಕೇತಗಳನ್ನೂ ಅದು ಹಿಡಿಯಿತು.

ವಾಟ್ ಮತ್ತು ಗೇನ್ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು ಎಂಬುದನ್ನು ನಮ್ಮ ಕಾನೂನೂ ಒಪ್ಪುತ್ತದೆ. ಪರವಾನಗಿ ಬೇಕಿಲ್ಲದ 2.4 ಗಿಗಾಹರ್ಟ್ಸ್ ವೈಫೈ ತರಂಗಪಟ್ಟಿಯಲ್ಲಿ ಭಾರತದ ನಿಯಮ ಟ್ರಾನ್ಸ್‌ಮಿಟರ್‌ಗೆ 1 ವಾಟ್ ಮಿತಿ ಹಾಕಿ, ಆಂಟೆನಾದ ಗೇನ್ ಸೇರಿದ ಒಟ್ಟು ಬಲಕ್ಕೆ 4 ವಾಟ್‌ನ ಪ್ರತ್ಯೇಕ ಮಿತಿ ಇಟ್ಟಿದೆ. ಆದ್ದರಿಂದ ಯಾವುದೇ ರೇಡಿಯೊ ಉಪಕರಣ ಕೊಳ್ಳುವಾಗ ಎಷ್ಟು ವಾಟ್ ಎಂದಷ್ಟೇ ಕೇಳಬೇಡಿ. ಆಂಟೆನಾದ ಗೇನ್ ಎಷ್ಟು, ಅದು ಯಾವ ಕಡೆಗೆ ಮುಖ ಮಾಡಬೇಕು ಎಂಬುದನ್ನೂ ತಪ್ಪದೆ ಕೇಳಿ.