ಪಾಲಾರಿನ ಹೂಳು ಮತ್ತು ಕೆರೆಯ ಗೋಡು

ನದಿಯ ಹೂಳಿನಿಂದ ಬೆಳೆದ ಪ್ರಾಚೀನ ಬೇಸಾಯಕ್ಕೆ ಐಗುಪ್ತ ದೇಶದ ನೈಲ್ ನದಿಯನ್ನು ಉದಾಹರಿಸುವುದು ವಾಡಿಕೆ. ಅಲ್ಲಿ ವರ್ಷಕ್ಕೊಮ್ಮೆ ಬರುತ್ತಿದ್ದ ನೆರೆಯು ಹೊಲಗಳ ಮೇಲೆ ಮೆಕ್ಕಲನ್ನು ತಾನೇ ಹರಡಿ ಇಳಿಯುತ್ತಿತ್ತು. ೧೯೭೦ರಲ್ಲಿ ಆಸ್ವಾನಿನ ಹಿರಿಯ ಅಣೆಕಟ್ಟು ಪೂರ್ಣವಾದ ಮೇಲೆ ಅದು ಅಣೆಯ ಹಿಂದೆಯೇ ನಿಂತಿತು. ಕೋಲಾರದ ಸೀಮೆಯಲ್ಲಿ ಅಂತಹ ನೆರೆಯಿಲ್ಲ. ವರ್ಷವೆಲ್ಲ ಹರಿಯುವ ನದಿಯೂ ಇಲ್ಲ. ಆದರೂ ಇಲ್ಲಿಯ ಬೇಸಾಯಕ್ಕೆ ಹೂಳಿನ ಉಪಕಾರವು ಅಲ್ಪವಲ್ಲ. ನೈಲ್ ನದಿಯು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಎತ್ತಿನ ಬಂಡಿಯು ಮಾಡಿತು.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರು ಮಳೆಗಾಲದ ಹೊಳೆ. ಅದರ ನೀರನ್ನು ಕೆರೆಗಳಲ್ಲಿ ತಡೆದು ನಿಲ್ಲಿಸಿಕೊಳ್ಳುವುದೊಂದೇ ಹಿಂದಿನವರಿಗಿದ್ದ ಉಪಾಯ. ಇಂತಹ ಕೆರೆಗಳಲ್ಲಿ ಬೇತಮಂಗಲದ ಕೆರೆಯು ಪ್ರಸಿದ್ಧವಾದುದು. ಮೊದಲು ಬಂಗಾರಪೇಟೆಯ ತಾಲ್ಲೂಕಿಗೆ ಸೇರಿದ್ದು ಈಗ ಕೆ.ಜಿ.ಎಫ್. ತಾಲ್ಲೂಕಿನಲ್ಲಿರುವ ಈ ಊರಿಗೆ ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆಂದು ಹೆಸರು. ಹತ್ತನೆಯ ಶತಮಾನದಲ್ಲಿ ನೊಳಂಬರೂ ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ಕಡೆಯವರೂ ಈ ಕೆರೆಯನ್ನು ಜೀರ್ಣೋದ್ಧಾರ ಮಾಡಿಸಿದರು. ಚಿನ್ನದ ಗಣಿಗಳು ಬೆಳೆದ ಮೇಲೆ ಗಣಿಯ ಊರಿಗೂ ಇಲ್ಲಿಂದಲೇ ನೀರು ಹೋಯಿತು.

ಹರಿಯುವ ನೀರು ಕೆರೆಯನ್ನು ಸೇರಿ ವೇಗ ಕುಂದಿದೊಡನೆ ದಪ್ಪ ಮರಳು ಕೆರೆಯ ಬಾಯಿಯಲ್ಲೇ ಉಳಿಯುತ್ತದೆ. ನುಣ್ಣನೆಯ ಜೇಡಿಯೂ ಎಲೆಗೊಬ್ಬರ, ಸಗಣಿಗಳ ಸಾರವೂ ಏರಿಯ ಸಮೀಪದ ಆಳದಲ್ಲಿ ತಂಗುತ್ತವೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ರೈತರು ಇದನ್ನು ಅಗೆದು ಹೊಲಕ್ಕೆ ಹೊಡೆಯುವರು. ಈ ಸೀಮೆಯ ಕೆಂಪು ಮರಳುಭೂಮಿಯಲ್ಲಿ ನೀರು ಬೇಗನೆ ಇಂಗಿಹೋಗುವುದು. ಜೇಡಿ ಸೇರಿದರೆ ತೇವವೂ ಸಾರವೂ ನಿಲ್ಲುವುವು. ಭಾಷೆಯೂ ಇದಕ್ಕೆ ಸಾಕ್ಷಿ. ಕೆರೆಯನ್ನು ತುಂಬಿ ಕೆಡಿಸುವಾಗ ಅದು ಹೂಳು. ಈ ನಾಮಪದವೇ ಮಣ್ಣಿನಲ್ಲಿ ಮುಚ್ಚು ಎಂಬ ಅರ್ಥದ ಕ್ರಿಯಾಪದವೂ ಹೌದು. ಹೊಲಕ್ಕೆ ಬಂದಾಗ ಅದೇ ಮಣ್ಣು ರೈತನ ಬಾಯಲ್ಲಿ ಗೋಡು. ಒಂದೆಡೆ ದೋಷವಾದುದು ಮತ್ತೊಂದೆಡೆ ಗುಣ.

ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ಣಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳದು. ಕೆರೆಯನ್ನು ಕಟ್ಟಿಸಿದವರಿಗೂ ಕಾಪಾಡುವವರಿಗೂ ಬಿಟ್ಟ ಬಿತ್ತುವಟ್ಟ, ದಶವಂದಗಳ ಮಾತು ನಮ್ಮ ಶಾಸನಗಳಲ್ಲಿ ಹೇರಳವಾಗಿದೆ. ಕೆರೆಯ ಮಣ್ಣು ಸಾಗಿಸುವ ಬಂಡಿಗೂ ಅದರ ಎತ್ತುಕೋಣಗಳಿಗೂ ಭೂಮಿ ಬಿಟ್ಟುದೂ ಉಂಟು. ಇವನ್ನು ನಾವು ನೀರಿನ ದತ್ತಿಗಳೆಂದೇ ಓದುತ್ತೇವೆ. ಆದರೆ ಬಂಡಿಯು ಹೊತ್ತುದು ಮಣ್ಣನ್ನು. ಹೂಳು ತೆಗೆದರೆ ಕೆರೆಗೆ ಆಳ. ಅದು ಹೊಲಕ್ಕೆ ಹೋದರೆ ಬೆಳೆಗೆ ಬಲ. ಆದುದರಿಂದ ಇವು ನೆಲದ ದತ್ತಿಗಳೂ ಹೌದೆಂದು ನಮ್ಮ ಮತ.

ಈ ವಿಷಯವು ಕೇವಲ ಪುರಾತನವಲ್ಲ. ೨೦೧೮ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಂತೆ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಅನೇಕ ಕೆರೆಗಳಿಗೆ ಬರುತ್ತಿದೆ. ಬೇಸಗೆಯಲ್ಲಿಯೂ ನೀರು ನಿಂತ ಕೆರೆಯಲ್ಲಿ ಗೋಡನ್ನು ಅಗೆಯುವುದಕ್ಕೆ ಎಡೆಯಿಲ್ಲ. ಇದಲ್ಲದೆ ನಗರದ ನೀರು ಏನನ್ನು ತಂದರೂ ಅದರ ಒಂದು ಪಾಲು ತಳದ ಮಣ್ಣಿನಲ್ಲಿಯೇ ತಂಗುವುದು. ನೀರಿನಂತೆ ಹೂಳನ್ನೂ ಪರೀಕ್ಷಿಸಿ ಹೊಲಕ್ಕೆ ಹಾಕುವುದು ಕ್ಷೇಮ. ನೀರು ಬಂದಿತೆಂದು ಸಂತೋಷಪಡುವಾಗ ಮಣ್ಣಿನ ಲೆಕ್ಕವನ್ನು ಮರೆಯಲಾಗದು. ನಮ್ಮ ಹಿರಿಯರು ಅದನ್ನು ಕಲ್ಲಿನ ಮೇಲೆಯೇ ಬರೆಸಿಟ್ಟಿದ್ದಾರೆ.